ಮಣಿಕಟ್ಟಿನಷ್ಟು ನೆಲ

ಐದು ಡಾಲರಿಗೆ ಒಂದು ಪೌಂಡು ಬ್ರೆಡ್ಡು ಬರುತ್ತದೆ, ಮೇಲೆ ಸವರಲು ಬೆಣ್ಣೆ ಬರುವುದಿಲ್ಲ. ಬೆಣ್ಣೆಯೇ ಬೇಕೆಂದರೆ ಏಳು ಡಾಲರ್. ಆಗ ಬ್ರೆಡ್ಡು ಇಲ್ಲ. ಸಿಗರೇಟಿನ ಪ್ಯಾಕಿಗೆ ಹತ್ತೊಂಬತ್ತು. ಬೂದುಕೊಕ್ಕರೆ ಕೆರೆ ಎಂಬ ಈ ಊರಿಂದ ಹಾರ್‌ಗ್ರೇವ್ ಪಟ್ಟಣಕ್ಕೆ ಯಾರದಾದರೂ ಟ್ರಕ್ಕು ಹತ್ತಿ ಹೋಗಿಬರಬೇಕಾದರೆ ಪೆಟ್ರೋಲಿಗೆಂದು ಇಪ್ಪತ್ತು ಕೈಗಿಡಬೇಕು. ಇಂಗ್ಲೆಂಡಿನ ರಾಣಿಯ ಕಡೆಯವರು ಬಂದು ಮುತ್ತಜ್ಜಂದಿರ ಜೊತೆ ಚಿಲುಮೆ ಸೇದಿ ಒಪ್ಪಂದ ಮಾಡಿಕೊಂಡ ವರ್ಷ ಅದೇ ಐದು ಡಾಲರಿಗೆ ಹಿಟ್ಟಿನ ಮೂಟೆ, ಟೀ ಸೊಪ್ಪು, ಹೆಂಗಸಿಗೊಂದು ಲಂಗದ ಬಟ್ಟೆ ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತಂತೆ. ಬಿಸಿಲಿರುವವರೆಗೆ, ಹುಲ್ಲು ಬೆಳೆಯುವವರೆಗೆ, ಹೊಳೆ ಹರಿಯುವವರೆಗೆ ವರ್ಷಕ್ಕೆ ತಲೆಗೆ ಐದು ಡಾಲರ್ ಎಂದು ಆಗ ಆದ ಮಾತು. ಬಿಸಿಲು ಇದೆ, ಹುಲ್ಲು ಇದೆ, ಐದು ಡಾಲರೂ ಹಾಗೇ ಇದೆ.

"ನಿಮಗೆ ಕೊಡೋಕಾಗಲ್ಲ ಮೇಡಂ," ಎಂದಳು ಮೇಜಿನ ಹಿಂದೆ ಕೂತ ಸರ್ಕಾರದ ಗುಮಾಸ್ತೆ. ಚಿಕ್ಕ ಹುಡುಗಿ, ಉಗುರಿಗೆ ನೇರಳೆ ಬಣ್ಣ. "ನಿಮ್ಮ ಕಾರ್ಡಿನ ಅವಧಿ ಏಪ್ರಿಲ್‌ಗೇ ಮುಗಿದುಹೋಗಿದೆ."

"ಅವ್ದಿ ಮುಗ್ದಿರೋದು ಕಾರ್ಡಿಂದು ಕಣವ್ವ, ನಂದಲ್ಲ," ಎಂದಳು ವರ್ನಾ. "ನಾನಿನ್ನೂ ನಿನ್ ಕಣ್ಮುಂದೇ ನಿಂತಿವ್ನಿ."

"ಅದು ಸರಿ. ಆದರೆ ನೀವು ಒಪ್ಪಂದದ ಇಂಡಿಯನ್ ಅಂತ ನನಗೆ ಗೊತ್ತಾಗೋದು ಹೇಗೆ?"

ಸಾಲಿನಲ್ಲಿದ್ದವರು ಗೊಳ್ಳೆಂದರು. ವರ್ನಾ ಹುಟ್ಟಿದ್ದು ಮೂಲನಿವಾಸಿಗಳಿಗೆಂದು ಬಿಟ್ಟ ಈ ಮೀಸಲಿನಲ್ಲಿ, ಇಬ್ಬರು ಮಕ್ಕಳನ್ನು ಹೂತದ್ದೂ ಈ ಮೀಸಲಿನಲ್ಲಿ.

"ಗೊತ್ತಾಯ್ತಿಲ್ವಾ ನಿಂಗೆ? ಅವ್ಳು ಇಂಗ್ಲೆಂಡ್ ರಾಣಿ ತಂಗಿ ಕಣವ್ವ, ಮೊಕ ನೋಡು," ಎಂದ ಹಿಂದೆ ನಿಂತಿದ್ದ ಮುದುಕ ನಾರ್ಬರ್ಟ್. "ನಾನು ಉಟ್ದಾಗ ಇಂಡಿಯನ್ನು. ಇಸ್ಕೂಲಿಂದ ಓಡ್ಬಂದಾಗ ನೇಟಿವು. ಮದ್ವೆ ಆದಾಗ ಅಬಾರಿಜಿನಲ್ಲು. ಎಂಡ್ರು ಸತ್ತಾಗ ಫಸ್ಟ್ ನೇಶನ್ನು. ಈಗ ಇಂಡಿಜಿನಸ್ ಅಂತೆ. ಎಸ್ರು ಒಸಾದು ಒಸಾದು ಕೊಡ್ತಾನೇ ಅವ್ರೆ, ಐದು ಡಾಲರ್ ಮಾತ್ರ ಅಂಗೇ ಮಡಗವ್ರೆ!"

ಮೇಜಿನ ಪಕ್ಕ ಕೆಂಪು ಕೋಟು ತೊಟ್ಟು ನಿಂತಿದ್ದ ಪೊಲೀಸಿನವನು ಎಲ್ಲರ ತಲೆಯ ಮೇಲಿಂದ ಗೋಡೆಯನ್ನು ನೋಡುತ್ತಿದ್ದ. ವರ್ಷಕ್ಕೊಮ್ಮೆ ಐದು ಡಾಲರ್ ಹಂಚುವ ಈ ಒಪ್ಪಂದದ ದಿನ ಕೆಂಪು ಕೋಟಿನವನು ನಿಲ್ಲಬೇಕು, ಅದು ಪದ್ಧತಿ. ಗುಮಾಸ್ತೆ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಚಾಚಿದಳು. "ಮುಂದಿನವರು ಬನ್ನಿ."

ವರ್ನಾಳ ಹೊಟ್ಟೆ ಉರಿದದ್ದು ಐದು ಡಾಲರಿಗಲ್ಲ. ಸಭಾಂಗಣದ ಆ ತುದಿಯಲ್ಲಿ, ಬಾವುಟಗಳ ಕೆಳಗೆ, ಪಟ್ಟೆಪಟ್ಟೆ ರಿಬ್ಬನ್ನಿನ ಲಂಗ ಉಟ್ಟು ಡೆಲ್ಫಿನ್ ಕೂತಿದ್ದಳು. ಬೆಳಗ್ಗೆ ಪ್ರಾರ್ಥನೆ ಮಾಡಿಸಿದವಳು ಅವಳೇ. ಅವಳ ಐದು ಡಾಲರಿನ ನೋಟನ್ನು ಗುಮಾಸ್ತೆ ಕುರ್ಚಿಯವರೆಗೆ ತಾನೇ ಒಯ್ದು ಕೊಟ್ಟಿದ್ದಳು. ಕಾರ್ಡು ಕೇಳಿರಲಿಲ್ಲ.

*

ಡೆಲ್ಫಿನ್ ವರ್ನಾಳ ದೊಡ್ಡಮ್ಮನ ಮಗಳು, ಅಂದರೆ ಅಕ್ಕ. ಇಬ್ಬರನ್ನೂ ಸಾಕಿದವಳು ಒಬ್ಬಳೇ ಅಜ್ಜಿ, ಊರೆಲ್ಲ ಅಜ್ಜಿ ಎಂಬರ್ಥದಲ್ಲಿ ಕೋಕುಮ್ ಎಂದು ಕರೆಯುತ್ತಿದ್ದ ಸುಜೆಟ್. ಡೆಲ್ಫಿನ್ ಹದಿನೆಂಟಕ್ಕೇ ನಗರಕ್ಕೆ ಹೋದಳು, ಗಂಡನನ್ನು ಕಟ್ಟಿಕೊಂಡಳು, ಬಿಟ್ಟಳು, ತಲೆ ನರೆತ ಮೇಲೆ ತಿರುಗಿ ಬಂದಳು. ವರ್ನಾ ಎಲ್ಲಿಗೂ ಹೋಗಲಿಲ್ಲ. ಕೋಕುಮ್ ಹಾಸಿಗೆ ಹಿಡಿದಾಗ ಮಲದ ಪಾತ್ರೆ ಎತ್ತಿದವಳು, ಗಂಜಿ ಕುಡಿಸಿದವಳು, ಕೊನೆಗೆ ಕಣ್ಣು ಮುಚ್ಚಿಸಿದವಳು ಅವಳು.

ಆದರೆ ಕೋಕುಮ್ ಕೈ ಹಿಡಿದದ್ದು ಡೆಲ್ಫಿನ್‌ಳದು.

ಒಪ್ಪಂದದ ಕಥೆ ಅವರ ವಂಶದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿ ಬಂದದ್ದು. ಅದರ ಬಹುಪಾಲಿಗೆ ಬಾಯಿ ಇದೆ: ಯಾರು ಬಂದರು, ಏನು ತಂದರು, ಯಾರು ಚಿಲುಮೆ ಹಚ್ಚಿದರು ಎಲ್ಲ ಹೇಳಬಹುದು. ನಡುವಿನ ಒಂದು ಭಾಗಕ್ಕೆ ಮಾತ್ರ ಬಾಯಿ ಇಲ್ಲ. ರಾಣಿಯ ಮನುಷ್ಯ ನೆಲ ಕೇಳಿದಾಗ ದುಭಾಷಿಯ ಬಾಯಲ್ಲಿ ಮಾತು ಹೋಗುವಾಗ ಒಂದಾಗಿ, ಬರುವಾಗ ಇನ್ನೊಂದಾಗುತ್ತಿತ್ತು. ಕೋಕುಮ್‌ಳ ಅಜ್ಜ ಆಗ ಮಾತು ಬಿಟ್ಟು ಮಂಡಿಯೂರಿದ. ಹುಲ್ಲು ಬಗೆದು ತನ್ನ ಕೈಯನ್ನು ಮಣ್ಣಿಗೆ ಇಳಿಸಿದ, ಮಣಿಕಟ್ಟಿನವರೆಗೆ. ಹಂಚಿಕೊಳ್ಳುವುದು ನೇಗಿಲು ಹೋಗುವಷ್ಟು. ಅದರ ಕೆಳಗಿನದು ಅಲ್ಲ. ರಾಣಿಯ ಮನುಷ್ಯನೂ ಕೈಗವಸು ತೆಗೆದು ಅದೇ ಗುಂಡಿಗೆ ಕೈ ಇಳಿಸಿದ, ತಲೆಯಾಡಿಸಿದ. ಕಾಗದದಲ್ಲಿ ಅದು ಬರಲಿಲ್ಲ. ಆದ್ದರಿಂದ ಹೇಳುವವರು ಅಲ್ಲಿಗೆ ಬಂದಾಗ ಬಾಯಿ ಮುಚ್ಚಬೇಕು, ಮಂಡಿಯೂರಿ ಮಣ್ಣಿಗೆ ಕೈ ಇಳಿಸಬೇಕು, ಕೇಳುವವರ ಕೈ ಹಿಡಿದು ಅದನ್ನೂ ಇಳಿಸಬೇಕು. ಆಗಲೇ ಕಥೆ ದಾಟಿತು ಎಂದು ಲೆಕ್ಕ.

ಕೋಕುಮ್ ಅದನ್ನು ದಾಟಿಸಿದ್ದು ಕೆರೆಯಾಚೆಯ ದಿಬ್ಬದ ಮೇಲೆ, ಹಣ್ಣು ಬಿಡಿಸಲು ಹೋದಾಗ. ಡೆಲ್ಫಿನ್ ರಜೆಗೆಂದು ಊರಿಗೆ ಬಂದಿದ್ದಳು. ಕೋಕುಮ್ ಅವಳ ಕೈ ಹಿಡಿದು ಮಣ್ಣಿಗೆ ಒತ್ತಿದಳು. ವರ್ನಾ ನಾಲ್ಕು ಮಾರು ಆಚೆ ಬೆಂಕಿಯ ಮೇಲೆ ರೊಟ್ಟಿ ತಿರುವುತ್ತಿದ್ದಳು. ನೋಡಿದಳು. ತನ್ನನ್ನೂ ಕರೆಯುತ್ತಾಳೆಂದು ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡು ಕಾದಳು. ಕೋಕುಮ್ ಕರೆದಳು: "ವರ್ನಾ, ರೊಟ್ಟಿ ಸೀದೋಯ್ತಾ ಐತೆ ನೋಡು."

ಈಗ ಆ ದಿಬ್ಬದ ಅಡಿಯಲ್ಲಿ, ಬಹಳ ಆಳದಲ್ಲಿ, ಗೊಬ್ಬರಕ್ಕೆ ಬೇಕಾಗುವ ಪೊಟ್ಯಾಷ್ ಇದೆಯಂತೆ. ದಿಬ್ಬ ಮೀಸಲಿನ ಗೆರೆಯ ಹೊರಗಿದ್ದರೂ ಒಪ್ಪಂದದ ನೆಲ. ಕೊರೆಯುವ ಮುಂಚೆ ಗಣಿ ಕಂಪನಿ ಹಿರಿಯರನ್ನು ಕೇಳಲೇಬೇಕು. ಕೇಳಲು ಕಂಪನಿ ವಿಶ್ವವಿದ್ಯಾಲಯಕ್ಕೆ ದುಡ್ಡು ಕೊಟ್ಟಿತು, ವಿಶ್ವವಿದ್ಯಾಲಯ ಪ್ರೊಫೆಸರ್ ಪ್ರಿಚರ್ಡನನ್ನು ಕಳಿಸಿತು. ಅವನು ಆರು ವರ್ಷದಿಂದ ಬಂದುಹೋಗುವವನೇ. ಮಣಿ ಪೋಣಿಸಿದ ಪದಕ ಕೊರಳಲ್ಲಿ, ಜಿಂಕೆ ಚರ್ಮದ ಚಡಾವು ಕಾಲಲ್ಲಿ. ಡೆಲ್ಫಿನ್‌ಳನ್ನು ಅವನು ಜ್ಞಾನಪಾಲಕಿ ಎಂದು ಕರೆಯುತ್ತಿದ್ದ. ಕಾರು ಕಳಿಸುತ್ತಿದ್ದ, ಕಂಬಳಿ ಹೊದಿಸುತ್ತಿದ್ದ. ವಿಶ್ವವಿದ್ಯಾಲಯದ ಗೋಡೆಯಲ್ಲಿ ಅವಳ ಮುಖ ಬಾಗಿಲಿನಷ್ಟು ದೊಡ್ಡದಾಗಿದೆ ಎಂದು ನೋಡಿ ಬಂದವರು ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ವರ್ನಾ ಎದ್ದು ಒಲೆ ಕೆದಕುತ್ತಿದ್ದಳು.

ಒಪ್ಪಂದದ ದಿನ ಊಟವಾದ ಮೇಲೆ ಪ್ರಿಚರ್ಡ್ ಕುರ್ಚಿಗಳನ್ನು ವೃತ್ತಾಕಾರ ಹಾಕಿಸಿದ. ವೃತ್ತದಲ್ಲಿ ಮೇಲು ಕೀಳು ಇರುವುದಿಲ್ಲ ಎಂದು ಅವನೇ ಹೇಳಿದ. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದ ವರ್ನಾ ಡೆಲ್ಫಿನ್‌ಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು.

ಪ್ರಿಚರ್ಡ್ ಬಗ್ಗಿ, ಬಹಳ ಮೆಲ್ಲಗೆ, ನಗುತ್ತ ಹೇಳಿದ: "ಕ್ಷಮಿಸಿ, ಈ ವೃತ್ತ ಜ್ಞಾನಪಾಲಕರಿಗೆ. ನಿಮ್ಮ ರೊಟ್ಟಿ ತುಂಬ ಚೆನ್ನಾಗಿತ್ತು. ಇನ್ನೂ ಸ್ವಲ್ಪ ಕಾಫಿ ಸಿಗಬಹುದಾ?"

ವರ್ನಾ ಅಕ್ಕನ ಮುಖ ನೋಡಿದಳು. ಡೆಲ್ಫಿನ್ ತನ್ನ ಲಂಗದ ರಿಬ್ಬನ್ನನ್ನೇ ನೋಡುತ್ತಿದ್ದಳು.

"ತತ್ತೀನಿ," ಎಂದು ವರ್ನಾ ಎದ್ದಳು. ಕಾಫಿಯನ್ನೂ ತಂದಳು. ಡೆಲ್ಫಿನ್‌ಳ ಲೋಟಕ್ಕೆ ಮಾತ್ರ, ಅವಳಿಗೆ ಸಕ್ಕರೆ ಕಾಯಿಲೆಯೆಂದು ಚೆನ್ನಾಗಿ ಗೊತ್ತಿದ್ದೂ, ಸಕ್ಕರೆ ಹಾಕಿ ತಂದಳು.

*

ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ಅಕ್ಕನ ಮನೆಗೆ ಹೋದದ್ದು ಪಾತ್ರೆ ವಾಪಸು ಕೊಡಲು. ಡೆಲ್ಫಿನ್ ಕಣ್ಣು ತೋರಿಸಲು ನಗರಕ್ಕೆ ಹೋಗಿದ್ದಳು. ಮೆಟ್ಟಿಲ ಮೇಲೆ ಪ್ರಿಚರ್ಡ್ ನಿಂತಿದ್ದ. ಎರಡೂ ಕೈಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಗಂಟು.

ಹಿರಿಯರನ್ನು ಏನಾದರೂ ಕೇಳಬೇಕಾದರೆ ಹೊಗೆಸೊಪ್ಪು ಮುಂದಿಟ್ಟೇ ಕೇಳಬೇಕು. ಹಿರಿಯರು ಮೊದಲು ಪ್ರಶ್ನೆ ಕೇಳಿಸಿಕೊಳ್ಳುತ್ತಾರೆ, ಯೋಚಿಸುತ್ತಾರೆ, ಬೇಡವೆನಿಸಿದರೆ ಸೊಪ್ಪನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಮುಗಿಯಿತು, ಹೇಳಲೇಬೇಕು. ಊರಿನ ಮಗುವಿಗೂ ಇದು ಗೊತ್ತು.

"ಡೆಲ್ಫಿನ್ ಇಲ್ವಾ?" ಎಂದ ಪ್ರಿಚರ್ಡ್. "ಛೆ. ಅವರ ಹತ್ತಿರ ಒಂದು ಮುಖ್ಯ ವಿಷಯ..."

ವರ್ನಾಳ ಅರವತ್ತಾರು ವರ್ಷದಲ್ಲಿ ಯಾರೂ ಅವಳ ಮುಂದೆ ಹೊಗೆಸೊಪ್ಪು ಹಿಡಿದಿರಲಿಲ್ಲ. ಪಾತ್ರೆ, ಬಕೆಟ್ಟು, ಹೊಲಸು ಬಟ್ಟೆ ಹಿಡಿದಿದ್ದರು. ಕೆಂಪು ಬಟ್ಟೆ ಬಿಸಿಲಿಗೆ ಮಿಂಚುತ್ತಿತ್ತು. ಅವಳು ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಪದ್ಧತಿಯಂತೆ ಎಡಗೈ ಚಾಚಿ ಗಂಟನ್ನು ತೆಗೆದುಕೊಂಡುಬಿಟ್ಟಳು. ಪ್ರಶ್ನೆ ಇನ್ನೂ ಅವನ ಬಾಯಲ್ಲೇ ಇತ್ತು.

"ಅವ್ಳ ಅಜ್ಜೀನೇ ನನ್ ಅಜ್ಜೀನೂವೆ," ಎಂದಳು. "ಏನ್ ಬೇಕು ಕೇಳು."

ಪ್ರಿಚರ್ಡ್ ಒಂದು ಗಳಿಗೆ ಅವಳನ್ನು ಹೊಸದಾಗಿ ನೋಡಿದ. ಆಮೇಲೆ ಅವಳನ್ನೂ ಆ ಹೆಸರಿನಿಂದ ಕರೆದ. "ಜ್ಞಾನಪಾಲಕಿ ವರ್ನಾ, ಒಪ್ಪಂದದಲ್ಲಿ ನೆಲದ ಬಗ್ಗೆ ನಿಮ್ಮ ಹಿರಿಯರು ಏನು ಹೇಳಿದರು ಅಂತ ತಿಳಿಯಬೇಕು."

ಆ ಕಥೆ ಅವಳಿಗೆ ದಾಟಿರಲಿಲ್ಲ. ಆದರೆ ಗಂಟು ಆಗಲೇ ಅಂಗೈಯಲ್ಲಿತ್ತು.

*

ದಿಬ್ಬದ ಮೇಲೆ ಹಣ್ಣು ನೇರಳೆಗಟ್ಟಿದ್ದವು. ಪ್ರಿಚರ್ಡ್ ಕಾಗದಕ್ಕೆ ಸಹಿ ಹಾಕಿಸಿಕೊಂಡ, ಫೋನನ್ನು ಕಲ್ಲಿನ ಮೇಲಿಟ್ಟ.

"ಬರೀ ಧ್ವನಿ ಮಾತ್ರ ಹಿಡೀತೀನಿ. ಕ್ಯಾಮೆರಾ ತರಲ್ಲ. ಹಿಂದೆ ನಮ್ಮವರು ನಿಮ್ಮನ್ನ ಬಹಳ ನೋಡಿಬಿಟ್ಟಿದ್ದಾರೆ. ನಮ್ಮ ಹೊಸ ವಿಧಾನದಲ್ಲಿ ನಾವು ನೋಡಲ್ಲ, ಕೇಳ್ತೀವಿ. ನೀವು ನನ್ನ ಸಹಸಂಶೋಧಕಿ ಇದ್ದ ಹಾಗೆ."

"ಅಂಗಂದ್ರೆ?"

"ನಾವಿಬ್ಬರೂ ಸಮ ಅಂತ."

ಸಮ! ಅವಳು ಕಥೆ ಶುರು ಮಾಡಿದಳು. ಚೆನ್ನಾಗಿ ಹೇಳಿದಳು ಕೂಡ. ಕೋಕುಮ್‌ಳ ಧ್ವನಿಯೇ ಗಂಟಲಿಗೆ ಬಂದಂತಾಯಿತು. ಡೇರೆಗಳು, ಬ್ಯಾಂಡಿನವರು, ಚಿಲುಮೆ, ಬಿಳಿ ಕೈಗವಸಿನ ಮನುಷ್ಯ. ನಮ್ಮ ಜೊತೆ ನೆಲ ಹಂಚಿಕೊಳ್ಳಿ ಎಂದು ಅವನು ಕೇಳಿದ್ದು, ಹಂಚಿಕೊಳ್ಳೋಣ ಎಂದು ಅಜ್ಜ ಹೇಳಿದ್ದು. ಆಮೇಲೆ ಅವಳು ಬಾಯಿ ಮುಚ್ಚಿದಳು. ಮಂಡಿಯೂರಿ, ಹುಲ್ಲು ಬಗೆದು, ಮಣ್ಣಿಗೆ ಕೈ ಇಳಿಸಿದಳು. ಮಣ್ಣು ಮೇಲೆ ಬಿಸಿ, ಒಳಗೆ ತಂಪು. ಮಣಿಕಟ್ಟಿನವರೆಗೆ. ಹೇಳುವವರು ಆಗ ನೆಲವನ್ನೇ ನೋಡಬೇಕು, ಅವಳೂ ನೆಲವನ್ನೇ ನೋಡಿದಳು. ಡೆಲ್ಫಿನ್ ಈಗ ನನ್ನ ನೋಡಬೇಕಿತ್ತು ಎಂದುಕೊಂಡಳು.

ಇನ್ನು ಅವನ ಕೈ ಹಿಡಿದು ಇಳಿಸಬೇಕಿತ್ತು. ತಲೆಯೆತ್ತಿದಳು. ಪ್ರಿಚರ್ಡ್ ಕಾಲು ಮಡಚಿ ಕೂತು, ಎದೆಗೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡಿದ್ದ. ಮನಸ್ಸಿಟ್ಟು ಕೇಳುವ ಅವನ ರೀತಿ ಅದು. ಆ ಕೈ ನುಣುಪಾಗಿತ್ತು, ಉಂಗುರವಿತ್ತು. ಪ್ರೊಫೆಸರನ ಕೈ ಎಳೆಯುವುದು ಹೇಗೆ ಎಂದು ಅವಳಿಗೆ ತೋಚಲಿಲ್ಲ. ತನ್ನ ಕೈಯನ್ನಷ್ಟೇ ಹೊರತೆಗೆದಳು, ಮಿಕ್ಕ ಕಥೆ ಹೇಳಿ ಮುಗಿಸಿದಳು.

ಅವನು ಕಣ್ಣು ಬಿಟ್ಟಾಗ ಕಣ್ಣಂಚಲ್ಲಿ ನೀರಿತ್ತು. ಅವಳ ಮಣ್ಣುಗೈ ನೋಡಿ ಚೀಲದಿಂದ ಒದ್ದೆ ಕಾಗದ ತೆಗೆದು ಕೊಟ್ಟ. "ಒರೆಸಿಕೊಳ್ಳಿ."

ಹೊಗೆಸೊಪ್ಪನ್ನು ಆ ದಿನವೇ ಮಣ್ಣಿಗೋ ಬೆಂಕಿಗೋ ಕೊಟ್ಟು ಪ್ರಾರ್ಥಿಸಬೇಕು. ವರ್ನಾ ಕೊಡಲಿಲ್ಲ. ಮನೆಗೆ ತಂದು ಬೀರುವಿನ ಗಾಜಿನ ಹಿಂದೆ, ಬಂದವರಿಗೆ ಕಾಣುವ ಹಾಗೆ ಇಟ್ಟಳು. ಮಾರನೆಯ ದಿನ ಡೆಲ್ಫಿನ್ ಬಂದಳು, ನೋಡಿದಳು, ಕೇಳಲಿಲ್ಲ. ಕೇಳಲಿ ಎಂದು ವರ್ನಾ ಎರಡು ಸಲ ಆ ಗಾಜು ಒರೆಸಿದಳು.

*

ಅಕ್ಟೋಬರ್ ಕೊನೆಯಲ್ಲಿ ಹಾರ್‌ಗ್ರೇವ್‌ನ ಮೋಟೆಲಿನಲ್ಲಿ ಗಣಿಯ ಪರವಾನಗಿಗಾಗಿ ವಿಚಾರಣೆ ನಡೆಯಿತು. ಅದೇ ಮೋಟೆಲಿನಲ್ಲಿ ವರ್ನಾ ಹಾಸಿಗೆ ಬದಲಿಸುವ, ಕಕ್ಕಸು ತೊಳೆಯುವ ಕೆಲಸಕ್ಕಿದ್ದಳು. ಮಾಲೀಕ ಕ್ರೂಗರ್‌ಗೆ ಕಂಪನಿಯ ರಸ್ತೆಗೆ ಜಲ್ಲಿ ಹೊಡೆಯುವ ಗುತ್ತಿಗೆ ಸಿಕ್ಕಿತ್ತು. ಅವನು ಆ ದಿನ ಅವಳಿಗೆ ರಜೆ ಕೊಡಲಿಲ್ಲ. ಏಪ್ರನ್ ಕಟ್ಟಿಕೊಂಡೇ ಅವಳು ಹಿಂದಿನ ಗೋಡೆಗೆ ಒರಗಿ ನಿಂತಳು. ಮುಂದಿನ ಸಾಲಿನಲ್ಲಿ ಡೆಲ್ಫಿನ್. ತನ್ನ ಹೆಸರು ಓದುವಾಗ ಅಕ್ಕ ತಿರುಗಿ ನೋಡುತ್ತಾಳೆ ಎಂದು ವರ್ನಾ ಹೊಸ ಕಿವಿಯೋಲೆ ಹಾಕಿಕೊಂಡು ಬಂದಿದ್ದಳು.

ಕಂಪನಿಯ ವಕೀಲೆ ಪ್ರಿಚರ್ಡನ ವರದಿ ಆಧರಿಸಿದ ಟಿಪ್ಪಣಿ ಓದಿದಳು: "ಜ್ಞಾನಪಾಲಕಿ ವರ್ನಾ ಅವರ ಹೇಳಿಕೆಯಂತೆ, ಪೂರ್ವಿಕರು ನೆಲವನ್ನು ಹಂಚಿಕೊಳ್ಳಲು ಒಪ್ಪಿದರು. ನಂತರ ದೀರ್ಘ ಮೌನ. ಆಳದ ಬಗ್ಗೆ ಅವರು ಯಾವ ಮಿತಿಯನ್ನೂ ಹೇಳಿಲ್ಲ. ಹಿರಿಯರ ಕಡೆಯಿಂದ ಆಕ್ಷೇಪ ಇಲ್ಲವೆಂದು ಇದರಿಂದ ತಿಳಿಯಬಹುದು."

ಡೆಲ್ಫಿನ್ ತಿರುಗಿ ನೋಡಿದಳು. ಆ ನೋಟಕ್ಕೆ ವರ್ನಾ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಆಮೇಲೆ ಗೋಡೆ ಬಿಟ್ಟು ಮುಂದೆ ಬಂದಳು.

"ಅದು ಸುಮ್ಕಿದ್ದಿದ್ದಲ್ಲ! ನಾನು ಕೈಯಾಗ್ ಯೋಳ್ದೆ. ಆ ವಯ್ಯ ಕಣ್ ಮುಚ್ಕೊಂಡ್ ಕೂತಿದ್ದ!"

ಪ್ರಿಚರ್ಡ್ ಎದ್ದ. ಅವನ ಮುಖ ನಿಜಕ್ಕೂ ಬಾಡಿತ್ತು. "ನಿಮ್ಮ ಮೌನವನ್ನ ನಾನು ಗೌರವಿಸಿದೆ, ವರ್ನಾ. ಮೌನ ಅಂತಲೇ ಬರೆದೆ. ಅದನ್ನ ಅವರು ಹೀಗೆ..."

"ನನ್ ಕೈ ನೋಡಿ ಒರೆಸ್ಕೊಳಕ್ಕೆ ಕಾಗ್ದ ಕೊಟ್ಯಲ್ಲೋ! ಯಾವ್ ಮಣ್ಣು ಅಂದ್ಕೊಂಡಿದ್ದೆ ಅದನ್ನ?"

ವಿಚಾರಣೆಯ ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. "ಹೇಳೋದು ಏನಾದರೂ ಇದ್ದರೆ ಇಲ್ಲೇ ಹೇಳಿ ಮೇಡಂ, ದಾಖಲೆ ಆಗುತ್ತೆ."

"ಇಲ್ಲಿ ಆಗಕ್ಕಿಲ್ಲ. ಒರಗ್ ಬನ್ನಿ, ತೋರುಸ್ತೀನಿ."

"ವಿಚಾರಣೆ ಒಳಗೆ ನಡೆಯುತ್ತೆ."

ಅವಳು ಅಲ್ಲೇ ಮಂಡಿಯೂರಿದಳು. ದಿನಾ ತಾನೇ ಧೂಳು ಎಳೆಯುವ ಆ ನೀಲಿ ಕಾರ್ಪೆಟ್ಟಿನ ಮೇಲೆ ಕೈ ಇಟ್ಟಳು. ಒತ್ತಿದಳು. ಕೈ ಅಲ್ಲೇ ನಿಂತಿತು, ಕೆಳಗೆ ಇಳಿಯಲಿಲ್ಲ. ಯಾರೋ ಕೆಮ್ಮಿದರು. ವಕೀಲೆ ನೀರು ಕುಡಿದಳು.

"ವರ್ನಾ," ಎಂದ ಕ್ರೂಗರ್ ಬಾಗಿಲಿನಿಂದ, ಪಳಗಿಸಿದ ನಾಯಿಯನ್ನು ಕರೆಯುವ ದನಿಯಲ್ಲಿ. "ಸಾಕು, ಏಳು. ಎಲ್ಲರಿಗೂ ಕಾಫಿ ಬೇಕಂತೆ."

ಅವಳು ಎದ್ದು ಏಪ್ರನ್ ಬಿಚ್ಚಿ ಕಾಫಿ ಮೇಜಿನ ಮೇಲೆ ಬಿಸಾಕಿದಳು. "ನಿಮ್ಮವ್ವನ್ ಕೈಲಿ ಕಾಸಿಸ್ಕೊಂಡ್ ಕುಡಿ, ಬೋಳಿಮಗ್ನೆ!"

*

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಡೆಲ್ಫಿನ್ ಅವಳ ರಟ್ಟೆ ಹಿಡಿದಳು.

"ಪ್ರಶ್ನೆ ಕೇಳುಸ್ಕೊಳ್ದೆ ಸೊಪ್ಪು ತಕ್ಕೊಂಡ್ಯಾ? ಬಾಯ್ಬಡುಕಿ ಮುಂಡೆ!"

"ನೀನೇನ್ ಕಮ್ಮಿನೇ? ಆರು ವರ್ಸ ಅವ್ನ ಕಾರಲ್ಲಿ ಮೆರೆದ್ಯಲ್ಲ. ಕೋಕುಮ್ಮನ್ನ ಮಾರ್ಕೊಂಡ್ ತಿಂದೋಳು ನೀನು!"

"ಮಾರ್ಕೊಂಡ್ನಾ? ಏನ್ ಮಾರ್ದೆ ಯೋಳು! ಆರು ವರ್ಸದಿಂದ ಅವ್ನಿಗೆ ರೊಟ್ಟಿ ತಟ್ಟೋದು, ಮೊಲ ಸುಲಿಯೋದು ಯೋಳಿವ್ನಿ. ಒಪ್ಪಂದ ಅಂದಾಗೆಲ್ಲ ತಲೆನೋವು ಅಂತ ಮನಿಕ್ಕೊಂಡಿವ್ನಿ. ಆ ಸೊಪ್ಪನ್ನ ಒಂದ್ ಸಲಾನೂ ಮುಟ್ಲಿಲ್ಲ ಕಣೆ ನಾನು. ಅದಕ್ಕೇ ಅವ್ನು ಬಾಗ್ಲಿಗ್ ಬಂದು ಕಾಯ್ತಾ ನಿಂತಿದ್ದು."

ವರ್ನಾಳ ಒಳಗಿದ್ದ ಹಳೆಯದು ಹೊರಗೆ ಬಂತು.

"ನಿಂಗೇ ಯಾಕ್ ಕೊಟ್ಲು ಅವ್ಳು? ಯೇಲು ಬಳದೋಳು ನಾನು. ನಿನ್ ಕೈ ಇಡ್ಕೊಂಡ್ಲು, ನಂಗೆ ರೊಟ್ಟಿ ನೋಡು ಅಂದ್ಲು."

"ನಂಗೇನ್ ಗೊತ್ತು?" ಡೆಲ್ಫಿನ್ ರಟ್ಟೆ ಬಿಟ್ಟಳು. "ನಾನು ಓಡೋಗೋಳು ಅಂತ ಕಟ್ಟಾಕಕ್ಕೆ ಕೊಟ್ಲೇನೋ. ನೀನೆಲ್ಲೂ ಓಗೋಳಲ್ವಲ್ಲ. ಸಾಯೋ ಗಳಿಗೇಲಿ ನಿನ್ ಎಸ್ರು ಕೂಗುದ್ಲಂತೆ, ನನ್ ಎಸ್ರು ಕೂಗ್ಲಿಲ್ವಂತೆ. ಅದನ್ನ ಕೇಳಿ ನಾನೇನು ಸುಕವಾಗಿ ನಿದ್ದೆ ಮಾಡುದ್ನಾ?"

ಡೆಲ್ಫಿನ್ ತಂಗಿಯ ಕೈ ನೋಡಿ ಕೇಳಿದಳು: "ಅವ್ನ್ ಕೈನ ಮಣ್ಗೆ ಇಳಿಸುದ್ಯಾ?"

"ಇಲ್ಲ."

"ಅಂಗಾದ್ರೆ ಕತೆ ದಾಟಿಲ್ಲ ಬುಡು. ನಮ್ತಾವೇ ಐತೆ."

*

ಪರವಾನಗಿ ಸಿಕ್ಕಿತು, ಕೊರೆಯುವ ಯಂತ್ರದ ಟ್ರಕ್ಕುಗಳು ಡಿಸೆಂಬರಿನಲ್ಲಿ ಬಂದವು. ನೆಲ ಹೆಪ್ಪುಗಟ್ಟದೆ ಅಷ್ಟು ಭಾರ ಆ ದಾರಿಯಲ್ಲಿ ನಿಲ್ಲುವುದಿಲ್ಲ. ಕಂಪನಿ ಕಾದದ್ದು ಅದಕ್ಕೇ. ದಿಬ್ಬಕ್ಕೆ ಹೋಗುವ ದಾರಿ ಕಲ್ಲಿನಂತಾಗಿತ್ತು, ಗುದ್ದಲಿ ಹಾಕಿದರೆ ಕಿಡಿ ಹಾರುವಷ್ಟು.

ಚಳಿಗಾಲದಲ್ಲಿ ಸತ್ತವರಿಗೆ ಗುಂಡಿ ತೋಡುವುದು ಹೇಗೆಂದು ಆ ಊರಿಗೆ ಗೊತ್ತಿತ್ತು. ಹಿಮ ಬಳಿದು, ಹುಲ್ಲು, ಕಟ್ಟಿಗೆ ಒಟ್ಟಿ ಬೆಂಕಿ ಹಾಕಬೇಕು. ಮೇಲೆ ತಗಡು ಮುಚ್ಚಿ ಕಾವು ಕೆಳಗಿಳಿಯಲು ಬಿಡಬೇಕು. ತನ್ನ ಮಕ್ಕಳಿಗೆ ವರ್ನಾ ಹಾಗೆ ಎರಡು ಸಲ ನೆಲ ಕಾಯಿಸಿದ್ದಳು. ಆ ದಿನ ಬೆಳಕು ಹರಿಯುವಾಗಲೇ ಹೆಂಗಸರು ದಾರಿಯ ಅಡ್ಡಕ್ಕೆ, ಈ ಬೇಲಿಯಿಂದ ಆ ಬೇಲಿಯವರೆಗೆ ಸಾಲಾಗಿ ಬೆಂಕಿ ಹಾಕಿದರು. ನಾರ್ಬರ್ಟ್ ಹಳೆಯ ತಗಡುಗಳನ್ನು ಎಳೆದು ತಂದ.

"ಯಾರ್ ಸತ್ರು?" ಎಂದು ದೂರದಿಂದ ಹೊಗೆ ನೋಡಿ ಬಂದವರು ಕೇಳಿದರು.

"ಇನ್ನೂ ಯಾರೂ ಇಲ್ಲ. ಬನ್ನಿ, ಕೂತ್ಕಳಿ."

ಮಧ್ಯಾಹ್ನದ ಹೊತ್ತಿಗೆ ತಗಡು ಎತ್ತಿದರು. ಬೂದಿಯ ಕೆಳಗೆ ಮಣ್ಣು ಕಪ್ಪಗೆ, ಮೆತ್ತಗೆ, ಹಬೆಯಾಡುತ್ತಿತ್ತು. ಹೆಂಗಸರು ಒಬ್ಬೊಬ್ಬರೂ ಒಂದೊಂದು ಜಾಗ ಹಿಡಿದು ಮಂಡಿಯೂರಿದರು. ಡೆಲ್ಫಿನ್ ಎಲ್ಲಕ್ಕಿಂತ ಚೆನ್ನಾಗಿ ಕಾದಿದ್ದ ನಡುವಿನ ಜಾಗದಲ್ಲಿ ಹೋಗಿ ಕೂತಳು.

"ಅದು ನಾನ್ ಕಾಯ್ಸಿದ್ದು," ಎಂದಳು ವರ್ನಾ.

"ಸರಿ, ಪಕ್ದಲ್ ಕೂತ್ಕೋ. ನಿನ್ ಸೊಪ್ಪು ತಂದಿದ್ದೀಯಾ?"

ವರ್ನಾ ಜೇಬಿನಿಂದ ಕೆಂಪು ಬಟ್ಟೆಯ ಗಂಟು ತೆಗೆದಳು. ಬೀರುವಿನಲ್ಲಿದ್ದು ಬಟ್ಟೆಯ ಬಣ್ಣ ಒಂದು ಕಡೆ ಮಾಸಿತ್ತು. ಬಿಚ್ಚಿ, ಸೊಪ್ಪನ್ನು ಮಣ್ಣಿಗೆ ಸುರಿದಳು. ಡೆಲ್ಫಿನ್ ನೆಲವನ್ನೇ ನೋಡುತ್ತ ತಂಗಿಯ ಕೈಯ ಕೈಗವಸು ಎಳೆದು ತೆಗೆದಳು, ಮಣಿಕಟ್ಟು ಹಿಡಿದಳು, ತನ್ನ ಕೈಯ ಜೊತೆ ಅದನ್ನೂ ಮಣ್ಣಿಗೆ ಒತ್ತಿದಳು. ಮೇಲೆ ಬಿಸಿ, ಒಳಗೆ ಮಂಜು. ಬೆರಳ ತುದಿ ಹೆಪ್ಪುಗಟ್ಟಿದ ನೆಲಕ್ಕೆ ತಾಗಿ ನಿಂತಿತು. ಮಣಿಕಟ್ಟಿಗೆ ಸರಿಯಾಗಿ.

ಟ್ರಕ್ಕುಗಳು ತಿರುವಿನಲ್ಲಿ ಕಂಡವು, ಹಾರನ್ ಹೊಡೆದವು, ನಿಂತವು. ಮುಂದಿನ ಟ್ರಕ್ಕಿನ ಚಾಲಕ ಇಳಿದು ಬೂದಿಯವರೆಗೆ ಬಂದು, ಮಣ್ಣಿನಲ್ಲಿ ಹೂತ ಕೈಗಳ ಸಾಲು ನೋಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಫೋನು ಮಾಡಿದ. ಪೊಲೀಸರು ಬಂದರು. ಮುಂದಿದ್ದವನು ಜೂನಿನಲ್ಲಿ, ಒಪ್ಪಂದದ ದಿನ, ಮೇಜಿನ ಪಕ್ಕ ನಿಂತಿದ್ದವನೇ. ಈಗ ಕೆಂಪು ಕೋಟು ಇರಲಿಲ್ಲ, ಸೊಂಟದಲ್ಲಿ ಪಿಸ್ತೂಲಿತ್ತು.

"ಕೈ ಹೊರಗೆ ತೆಗೀರಿ. ಎಲ್ಲರೂ ಕೈ ಕಾಣೋ ಹಾಗೆ ಇಡಿ."

ಯಾರೂ ತೆಗೆಯಲಿಲ್ಲ. ಕಂಪನಿಯ ಕಡೆಯವನು ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ. ಪತ್ರಿಕೆಯವಳೊಬ್ಬಳು ಓಡೋಡಿ ಬಂದು ಡೆಲ್ಫಿನ್‌ಳ ಮುಖಕ್ಕೆ ಕ್ಯಾಮೆರಾ ಹಿಡಿದಳು. ವರ್ನಾ ಅದನ್ನು ಓರೆಗಣ್ಣಲ್ಲಿ ನೋಡಿದಳು.

"ಅವ್ಳ್ ಮೊಕ ಯಾಕ್ ಇಡಿತೀಯವ್ವ, ಕೈ ಇಡಿ. ಕೈ! ಕೆಳ್ಗೆ!"

ಪೊಲೀಸಿನವನು ಅವಳ ಮುಂದೆ ಬಂದು ನಿಂತ. "ನಿಮ್ಮ ಹೆಸರು? ಗುರುತಿನ ಕಾರ್ಡು ಇದೆಯಾ?"

"ಐತೆ. ಅವ್ದಿ ಮುಗ್ದೈತೆ."

ಬೂದಿಯ ಕಾವು ಇಳಿಯುತ್ತಿತ್ತು. ಬಿಸಿಲು ಆಗಲೇ ಬೇಲಿಯ ಮಟ್ಟಕ್ಕೆ ಬಂದಿತ್ತು. ಮಣ್ಣು ಮತ್ತೆ ಕೈಗಳ ಸುತ್ತ ಬಿಗಿಯತೊಡಗಿತು. ಟ್ರಕ್ಕುಗಳ ಇಂಜಿನ್ನು ಓಡುತ್ತಲೇ ಇತ್ತು. ಪೊಲೀಸಿನವನು ಅವಳ ರಟ್ಟೆಗೆ ಕೈ ಹಾಕಿದ.

ಆ ವರ್ಷ ವರ್ನಾ ಕಳೆದುಕೊಂಡದ್ದು ಐದು ಡಾಲರ್, ಮೋಟೆಲಿನ ಕೆಲಸ, ಹಿಮ ಕಚ್ಚಿದ ಎಡಗೈಯ ಎರಡು ಬೆರಳಿನ ತುದಿ. ಪತ್ರಿಕೆಯಲ್ಲಿ ಬಂದದ್ದು ಡೆಲ್ಫಿನ್‌ಳ ಫೋಟೋ. ಸಿಕ್ಕಿದ್ದು ಕೋಕುಮ್‌ಳ ಕಥೆ. ಅದು ಅವಳಿಗೆ ದಾಟಿತು.